ಫ್ಯಾಮಿಲಿ ಡಾಕ್ಟರಿಕೆ, ಜೊತೆಗೆ ಪಾಠ–ಸಂಶೋಧನೆ: ಡಿಎನ್‌ಬಿಯೋ, ಎಂಡಿಯೋ?

ಮುಂಬೈ, ಪುಣೆ, ಗೋವಾ ಕಡೆ ಎಂಬಿಬಿಎಸ್ ಮುಗಿಸಿ ರೋಗಿಗಳನ್ನೂ ನೋಡಬೇಕು, ಕಾಲೇಜಿನಲ್ಲೂ ಇರಬೇಕು ಅನ್ನುವವರು ಸಾಮಾನ್ಯವಾಗಿ ತೂಗಿ ನೋಡುವುದು ಎರಡನ್ನು: ಫ್ಯಾಮಿಲಿ ಮೆಡಿಸಿನ್ (ಕುಟುಂಬ ವೈದ್ಯಕೀಯ) ಡಿಎನ್‌ಬಿ, ಅಂದರೆ ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಸ್ನಾತಕೋತ್ತರ ಪದವಿ; ಇಲ್ಲವೇ ಕಮ್ಯುನಿಟಿ ಮೆಡಿಸಿನ್ (ಇಡೀ ಸಮುದಾಯದ ಆರೋಗ್ಯ ನೋಡುವ ವಿಭಾಗ) ಎಂಡಿ. ಎರಡಕ್ಕೂ ನೀಟ್-ಪಿಜಿ ಪ್ರವೇಶ ಪರೀಕ್ಷೆ, 3 ವರ್ಷ, ಥೀಸಿಸ್ ಕಡ್ಡಾಯ.

ಕೈ ಪಳಗುವುದು ಡಿಎನ್‌ಬಿಯಲ್ಲೇ. ಮೆಡಿಸಿನ್, ಮಕ್ಕಳ ವಿಭಾಗ, ಹೆರಿಗೆ, ಸರ್ಜರಿ ಎಂದು ಸುತ್ತಾಟ. ಎಡವಟ್ಟೂ ಅಲ್ಲೇ: ವಿಭಾಗ ಬದಲಾದ ಕೂಡಲೇ ಥೀಸಿಸ್‌ಗೆ ಸೇರಿಸಿಕೊಂಡ ರೋಗಿಗಳು ಕೈತಪ್ಪುತ್ತಾರೆ. ಹಾಗಾಗಿ ಫಾಲೋಅಪ್ ಬೇಡದ, ಒಂದೇ ಭೇಟಿಯಲ್ಲಿ ಮಾಹಿತಿ ಸಿಗುವ ವಿಷಯ ಹಿಡಿಯಿರಿ.

ಎಂಡಿಯಲ್ಲಿ ಸಮೀಕ್ಷೆ, ಅಂಕಿಸಂಖ್ಯೆ, ಪಾಠ ದಿನನಿತ್ಯದ ಕೆಲಸ. ಮುಂಬೈನ ಧಾರಾವಿಯಲ್ಲಿರುವಂಥ ನಗರ ಆರೋಗ್ಯ ಕೇಂದ್ರವೇ ಪ್ರಯೋಗಶಾಲೆ. ವಾರ್ಡಿನ ಅನುಭವ ಮಾತ್ರ ತೆಳು. ಆದರೆ ಈ ವಿಭಾಗ ಎಲ್ಲ ಮೆಡಿಕಲ್ ಕಾಲೇಜಿನಲ್ಲೂ ಇದೆ, ಫ್ಯಾಮಿಲಿ ಮೆಡಿಸಿನ್ ವಿಭಾಗ ಕೆಲವೇ ಕಡೆ. ಬೋಧನೆಯೇ ಮುಖ್ಯವಾದರೆ ಎಂಡಿ ಎನ್ನುತ್ತೇವೆ.

ಯಾವುದೇ ಆಗಲಿ, ಎಥಿಕ್ಸ್ ಕಮಿಟಿ (ಸಂಶೋಧನೆಯಲ್ಲಿ ರೋಗಿಗಳ ಹಿತ ಕಾಯುವ ಸಮಿತಿ) ಒಪ್ಪಿಗೆಗೆ ಮುಂಚೆ ಒಬ್ಬ ರೋಗಿಯನ್ನೂ ಸೇರಿಸಬೇಡಿ. ಪ್ರಶ್ನಾವಳಿಯನ್ನು ಮರಾಠಿಗೋ ಕೊಂಕಣಿಗೋ ಅನುವಾದಿಸಿ, ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡಿ. ಕನ್ನಡ ಮಾತಾಡುವವರು ಬಹಳ ಇರುವ ಗೋವಾದ ವಾಸ್ಕೋದ ಬೈನಾ ಕಡೆ ಕೆಲಸವಾದರೆ ಕನ್ನಡದ ಸಮ್ಮತಿಪತ್ರವೂ ಬೇಕಾದೀತು!