ಕೆಲಸ ಬಿಟ್ಟ ಮೇಲೂ ನಿಮ್ಮ ಹೆಸರಲ್ಲೇ ಮೆಡಿಕಲ್ ಶಾಪ್ ನಡೀತಿರಬಹುದು, ನೋಡಿಕೊಳ್ಳಿ

ಡಿ.ಫಾರ್ಮಾ ಮುಗಿಸಿ ಮೆಡಿಕಲ್ ಶಾಪ್‌ಗೆ ಸೇರಿದವರೆಲ್ಲ ಇದನ್ನು ಓದಿ. ಕೆಲಸ ಬಿಡುವಾಗ ಮಾಲೀಕರಿಗೆ ಹೇಳಿ ಬಂದರೆ ಸಾಲದು. ಔಷಧ ನಿಯಂತ್ರಣ ಇಲಾಖೆಗೂ ನೀವೇ ಬರೆದು ಕೊಟ್ಟು, ಸೀಲ್ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ.

ನಾನು ಗಂಗಾವತಿಯ ಒಂದು ಅಂಗಡಿಯಲ್ಲಿದ್ದೆ. ಮದುವೆಯಾಗಿ ಬಳ್ಳಾರಿಗೆ ಬರುವಾಗ ರಾಜೀನಾಮೆ ಬರೆದು ಮಾಲೀಕರ ಕೈಗೆ ಕೊಟ್ಟೆ, ಅದರ ಫೋಟೋ ಅವರ ವಾಟ್ಸಾಪ್‌ಗೂ ಹಾಕಿದೆ. "ಸರ್ಟಿಫಿಕೇಟ್ ಗೋಡಿ ಮ್ಯಾಲೇ ಇರ್ಲಿ ಬಿಡವ್ವ, ತಿಂಗಳಾ ಏನರ ಕೊಡ್ತೀನಿ" ಅಂದರು. ಅಂದರೆ ನಾನಿಲ್ಲದಿದ್ದರೂ ನನ್ನ ಫಾರ್ಮಾಸಿಸ್ಟ್ ಸರ್ಟಿಫಿಕೇಟ್ ತೋರಿಸಿ ಅಂಗಡಿ ನಡೆಸುವ ಲೆಕ್ಕ. ಬೇಡ ಸರ್, ನನ್ನ ಹೆಸರು ತೆಗೆಸಿಬಿಡಿ ಅಂತ ಅಲ್ಲೇ ಹೇಳಿದೆ. ಆಯ್ತು ಅಂದರು. ಫಾರ್ಮಾಸಿಸ್ಟ್ ಬದಲಾದರೆ ಒಂದು ತಿಂಗಳೊಳಗೆ ಇಲಾಖೆಗೆ ತಿಳಿಸಬೇಕು ಅನ್ನೋದು ಲೈಸೆನ್ಸ್‌ನಲ್ಲೇ ಇರುವ ಷರತ್ತು. ತಿಳಿಸಬೇಕಾದವರು ಮಾಲೀಕರೇ.

ಅವರು ತಿಳಿಸಲೇ ಇಲ್ಲ. ಬಳ್ಳಾರಿಯಲ್ಲಿ ಹೊಸ ಅಂಗಡಿಯವರು ನನ್ನ ಹೆಸರು ಸೇರಿಸಿ ಅರ್ಜಿ ಹಾಕಿದಾಗ ಗೊತ್ತಾಯ್ತು, ನನ್ನ ರಿಜಿಸ್ಟ್ರೇಷನ್ ನಂಬರ್ ಇನ್ನೂ ಗಂಗಾವತಿ ಅಂಗಡಿಯ ಲೆಕ್ಕದಲ್ಲೇ ಇದೆ. ಅರ್ಜಿ ಅಲ್ಲಿಗೇ ನಿಂತಿತು. ಅದರ ಬೆನ್ನಿಗೇ ಆ ಅಂಗಡಿಯಲ್ಲಿ ಇನ್‌ಸ್ಪೆಕ್ಷನ್ ಆಗಿ, ವಿವರಣೆ ಕೊಡಿ ಅಂತ ನನಗೂ ಪತ್ರ ಬಂತು.

ಕಚೇರಿಯಲ್ಲಿ ಎಚ್-1 ರಿಜಿಸ್ಟರ್ ಮುಂದಿಟ್ಟರು. ಅಲ್ಪ್ರಜೋಲಮ್, ಟ್ರಮಡಾಲ್, ಸೆಫಿಕ್ಸಿಮ್ ಇಂಥವನ್ನು ಕೊಟ್ಟಾಗಲೆಲ್ಲ ಡಾಕ್ಟರ ಹೆಸರು, ವಿಳಾಸ, ರೋಗಿಯ ಹೆಸರು, ಎಷ್ಟು ಕೊಟ್ಟೆವು ಅಂತ ಬರೆದು 3 ವರ್ಷ ಇಟ್ಟಿರಬೇಕಲ್ವಾ, ಅದೇ ಪುಸ್ತಕ. ನಾನು ಬಿಟ್ಟ ಮೇಲಿನ ಪುಟಗಳಲ್ಲೂ ನನ್ನ ಸಹಿ! ನಾನು ಯಾವಾಗಲೂ ಸಹಿ ಕೆಳಗೆ ತಾರೀಖು ಹಾಕುತ್ತೇನೆ, ಅಲ್ಲಿ ಒಂದರಲ್ಲೂ ಇಲ್ಲ. ಪುಟ ಪೂರ್ತಿ ಒಂದೇ ಪೆನ್ನು, ಒಂದೇ ಸಲ ಕೂತು ತುಂಬಿದ ಹಾಗೆ. ಡಾಕ್ಟರ ಕಾಲಂ ಎಷ್ಟೋ ಕಡೆ ಖಾಲಿ. ಅಂದರೆ ಚೀಟಿ ಇಲ್ಲದೆ ಆ ಮಾತ್ರೆಗಳು ಹೋಗಿವೆ, ಯಾರ ಕೈಗೆ ಹೋದವೋ ದೇವರಿಗೇ ಗೊತ್ತು. ನನಗೆ ನೋಟಿಸ್‌ಗಿಂತ ಜಾಸ್ತಿ ಸಂಕಟ ಆಗಿದ್ದು ಇದಕ್ಕೆ.

ವಾಟ್ಸಾಪ್ ಫೋಟೋದಲ್ಲಿದ್ದ ತಾರೀಖು ನನ್ನನ್ನು ಉಳಿಸಿತು. ಆದರೂ ಕೊಪ್ಪಳಕ್ಕೂ ಬಳ್ಳಾರಿಗೂ ಓಡಾಡಿದ್ದು, ಅಷ್ಟು ದಿನ ಸಂಬಳವಿಲ್ಲದೆ ಕೂತಿದ್ದು ಯಾರೂ ಕಟ್ಟಿಕೊಡಲ್ಲ.

ನಮ್ಮ ಕಡೆ ಸರ್ಟಿಫಿಕೇಟ್ ಬಾಡಿಗೆಗೆ ಕೊಡೋದನ್ನು ತಪ್ಪು ಅಂತ ಅಂದುಕೊಳ್ಳದವರೇ ಜಾಸ್ತಿ. ಸುಮ್ನೆ ಮನೆಯಲ್ಲಿದ್ದು ನಾಲ್ಕು ಕಾಸು ಬರುತ್ತಲ್ಲ ಅಂತ. 1948ರ ಫಾರ್ಮಸಿ ಕಾಯ್ದೆ ಪ್ರಕಾರ ಡಾಕ್ಟರ ಚೀಟಿಯ ಔಷಧವನ್ನು ರಿಜಿಸ್ಟರ್ಡ್ ಫಾರ್ಮಾಸಿಸ್ಟೇ ಕೊಡಬೇಕು. ನೀವಿಲ್ಲದ ಕೌಂಟರ್‌ನಲ್ಲಿ ಹತ್ತನೇ ಕ್ಲಾಸ್ ಓದಿದ ಹುಡುಗ ನಿಂತಿರುತ್ತಾನೆ. ಸುತ್ತಲಿನ ಹಳ್ಳಿಯಿಂದ ಮಗು ಎತ್ತಿಕೊಂಡು ಬಂದ ತಾಯಿಗೆ ಯಾವ ಸಿರಪ್, ಎಷ್ಟು ಎಂಎಲ್ ಅಂತ ಅವನೇ ಹೇಳಿ ಕಳಿಸುತ್ತಾನೆ. ಬಿಲ್ ಮೇಲಿನ ಹೆಸರು ಮಾತ್ರ ನಿಮ್ಮದು.

ಬಿಡುವ ದಿನವೇ ಒರಿಜಿನಲ್ ಸರ್ಟಿಫಿಕೇಟ್ ವಾಪಸ್ ತಗೊಳ್ಳಿ. ಕೊಡದಿದ್ದರೆ ಅದನ್ನೂ ಪತ್ರದಲ್ಲಿ ಬರೆಯಿರಿ. ಕಚೇರಿಗೆ ಹೋಗೋಕೆ ಆಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ಬೆಂಗಳೂರಿನ ರಾಜ್ಯ ಫಾರ್ಮಸಿ ಕೌನ್ಸಿಲ್‌ಗೂ ಒಂದು ಪ್ರತಿ ಹಾಕಿ. ಪತ್ರ ಹೇಗೆ ಬರೆಯೋದು ಅಂತ ಗೊತ್ತಾಗದಿದ್ದರೆ ಕೇಳಿ, ನಾನು ಕೊಟ್ಟಿದ್ದರ ಮಾದರಿ ಕಳಿಸುತ್ತೇನೆ.