ಹೆಂಪ್ ಅಂಗಿ, ಕೆಲವು ವರ್ಷ ಹಾಕಿದ ಮೇಲೆ: ಬಟ್ಟೆಗೆ ನಾಲ್ಕು ಸ್ಟಾರ್, ಟ್ಯಾಗ್‌ಗೆ ಎರಡು

ಪಾರ್ಸೆಲ್ ಬಂದ ವಾರದಲ್ಲೇ ಬರೆದ ವಿಮರ್ಶೆ ಓದಿದರೆ ಹೆಂಪ್ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಇದು ಹೆಂಪ್ ಅನ್ನುವ ಗಿಡದ (ಗಾಂಜಾ ಜಾತಿಯದೇ) ದಂಟಿನ ನಾರಿನಿಂದ ನೇಯುವ, ಒಗೆದಷ್ಟೂ ಬದಲಾಗುವ ಬಟ್ಟೆ. ನನ್ನ ಹತ್ತಿರ ಎರಡು ಅಂಗಿ ಇವೆ, ಒಂದು ಪೂರ್ತಿ ಹೆಂಪ್, ಇನ್ನೊಂದು 55% ಹೆಂಪ್ 45% ಹತ್ತಿ. ಜೊತೆಗೆ ಒಂದು ಟವೆಲ್. ಮೂರೂ ಒಂದೇ ಬ್ರ್ಯಾಂಡಿನವು. ಹೆಸರು ಬೇಡ, ಯಾಕೆಂದರೆ ಟ್ಯಾಗ್ ಮೇಲಿನ ಮಾತು ಎಲ್ಲರದೂ ಹೆಚ್ಚುಕಮ್ಮಿ ಒಂದೇ: ಕಡಿಮೆ ನೀರು, ಕೀಟನಾಶಕ ಬೇಡ, ಭೂಮಿಗೆ ಒಳ್ಳೆಯದು.

ಪೂರ್ತಿ ಹೆಂಪ್ ಅಂಗಿ ಶುರುವಿನಲ್ಲಿ ಒರಟು. ಕುತ್ತಿಗೆ ಹತ್ತಿರ ಚುಚ್ಚುತ್ತಿತ್ತು. ಒಗೆದು ಒಗೆದು ಈಗ ಮೆತ್ತಗಾಗಿದೆ, ಬೆವರು ಹೀರುತ್ತದೆ, ಬೇಗ ಒಣಗುತ್ತದೆ. ಸುಕ್ಕು ಮಾತ್ರ ವಿಪರೀತ, ಇಸ್ತ್ರಿ ಮಾಡಿದ ಅರ್ಧ ಗಂಟೆಗೆ ಮತ್ತೆ ಅದೇ ಕಥೆ. ಈ ನಾರು ಗಟ್ಟಿ ಹೌದು, ಆದರೆ ಎಳೆದರೆ ಹಿಗ್ಗುವುದಿಲ್ಲ, ಹಾಗಾಗಿ ಒಂದೇ ಜಾಗದಲ್ಲಿ ಮಡಚಿ ಉಜ್ಜುತ್ತಾ ಹೋದರೆ ಅಲ್ಲೇ ಮುರಿಯುತ್ತದೆ. ನನ್ನದು ಸವೆದಿದ್ದೂ ಸರಿಯಾಗಿ ಕಾಲರ್ ಮಡಿಕೆಯ ಗೆರೆಯಲ್ಲಿ. ಮೊದಲು ಸಣ್ಣ ಬಿಳಿ ಎಳೆಗಳು ಎದ್ದವು, ಆಮೇಲೆ ಒಳಗಿನ ಕ್ಯಾನ್ವಾಸ್ ಕಾಣತೊಡಗಿತು. ಬೆನ್ನು, ಮೊಣಕೈ ಎಲ್ಲ ಹಾಗೇ ಇವೆ. ಕಾಲರ್ ಬಿಚ್ಚಿಸಿ ತಿರುಗಿಸಿ ಹೊಲಿಸಿದೆ, ಅಂಗಿಗೆ ಮತ್ತೆ ಆಯಸ್ಸು ಬಂತು. ಹತ್ತಿ ಬೆರೆಸಿದ್ದು ಮೊದಲ ದಿನದಿಂದಲೇ ಮೆತ್ತಗಿತ್ತು, ಆದರೆ ಮೊಣಕೈ ಆಗಲೇ ತೆಳ್ಳಗಾಗಿದೆ.

ಈಗ ಟ್ಯಾಗಿನ ವಿಷಯ. ಹೊಲದ ಮಟ್ಟಿಗೆ ಅದು ಹೇಳುವುದರಲ್ಲಿ ಬಹಳಷ್ಟು ನಿಜ. ನಾರಿಗೆ ಬೆಳೆಯುವಾಗ ಒತ್ತೊತ್ತಾಗಿ ಬಿತ್ತುತ್ತಾರೆ, ಮೂರು ನಾಲ್ಕು ತಿಂಗಳಲ್ಲಿ ಗಿಡ ಆಳೆತ್ತರ ದಾಟಿ ಮೂರು ಮೀಟರ್‌ವರೆಗೂ ಹೋಗುತ್ತದೆ, ಬುಡಕ್ಕೆ ಬಿಸಿಲೇ ಬೀಳದ ಮೇಲೆ ಕಳೆ ಎಲ್ಲಿಂದ ಏಳಬೇಕು? ಬೇರು ಆಳಕ್ಕೆ ಇಳಿದು ಮಣ್ಣನ್ನು ಸಡಿಲ ಮಾಡುವುದರಿಂದ ಮುಂದಿನ ಬೆಳೆಗೂ ಲಾಭ. ಆದರೆ ಏನೂ ಹಾಕದೆ ಬೆಳೆಯುತ್ತದೆ ಅನ್ನುವುದು ಸುಮ್ನೆ ಮಾತು. ಇಷ್ಟು ಬೇಗ ಇಷ್ಟೆತ್ತರ ಏಳುವ ಗಿಡಕ್ಕೆ ಸಾರಜನಕ ಬೇಕೇ ಬೇಕು. ರಾಸಾಯನಿಕ ಗೊಬ್ಬರ ಸುರಿದರೆ ಮಣ್ಣಿಂದ ನೈಟ್ರಸ್ ಆಕ್ಸೈಡ್ ಏಳುತ್ತದೆ, ಅದು ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜೋರು. ಟ್ಯಾಗ್ ಮೇಲೆ ಇದಕ್ಕೆ ಜಾಗ ಸಿಕ್ಕಿಲ್ಲ.

ಇನ್ನೊಂದು, ಎಲ್ಲ ಹೆಂಪ್ ಹೊಲವೂ ಒಂದೇ ಥರ ಇರುವುದಿಲ್ಲ. 2018ರ ಕೃಷಿ ಕಾಯ್ದೆಯಲ್ಲಿ ಅಮೆರಿಕ ಹೆಂಪ್ ಬೆಳೆಯಲು ದಾರಿ ಬಿಟ್ಟಾಗ ರೈತರು ಮುಗಿಬಿದ್ದಿದ್ದು ಹೆಚ್ಚಾಗಿ ಸಿಬಿಡಿ ಎಣ್ಣೆಗೆ (ಹೂವಿನಿಂದ ತೆಗೆದು ನೋವು, ನಿದ್ದೆಗೆ ಅಂತ ಮಾರುವ ಎಣ್ಣೆ), ನಾರಿಗಲ್ಲ. ಎಣ್ಣೆಗೆ ಬೆಳೆಯುವವರು ಹೂವು ಬೇಕು ಅಂತ ಗಿಡಗಳನ್ನು ದೂರ ದೂರ ನೆಡುತ್ತಾರೆ. ನಡುವೆ ಕಳೆ ಬರದಿರಲಿ ಅಂತ ಎಷ್ಟೋ ಕಡೆ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಕಳೆಯನ್ನು ತಾನೇ ತಡೆಯುವ ಬೆಳೆ ಅಂತ ಹೊಗಳಿಸಿಕೊಂಡದ್ದೂ ಇದೇ ಗಿಡ! (ಗಾಂಜಾ ಅಂಗಿನಾ ಅಂತ ಕೇಳುವವರಿಗೆ: ಜಾತಿ ಅದೇ, ಅಮಲು ಇಲ್ಲ. ಅಮೆರಿಕದಲ್ಲಿ ಅಮಲು ಕೊಡುವ ಅಂಶ, ಅಂದರೆ ಟಿಎಚ್‌ಸಿ, 0.3% ದಾಟಿದರೆ ಅದನ್ನು ಹೆಂಪ್ ಅಂತ ಮಾರುವ ಹಾಗಿಲ್ಲ.)

ನಿಜವಾದ ತಕರಾರು ಇರುವುದು ಕೊಯ್ಲಿನ ನಂತರ. ದಂಟಿಗೆ ಅಂಟಿಕೊಂಡ ನಾರು ಬಿಡಬೇಕಾದರೆ ಅದನ್ನು ಕೊಳೆಸಬೇಕು. ಹೊಲದಲ್ಲೇ ಹರಡಿ ಇಬ್ಬನಿಗೆ ಬಿಟ್ಟರೆ ವಾರಗಟ್ಟಲೆ ಹಿಡಿಯುತ್ತದೆ, ಮಳೆ ಜಾಸ್ತಿಯಾದರೆ ನಾರೇ ಹಾಳು, ಬಣ್ಣವೂ ಒಂದೇ ಸಮ ಬರುವುದಿಲ್ಲ. ನೀರಲ್ಲಿ ಮುಳುಗಿಸಿದರೆ ನಾರು ಚೆನ್ನಾಗಿ ಬರುತ್ತದೆ, ಆದರೆ ನೀರು ನಾರುತ್ತದೆ, ಅದರಲ್ಲಿನ ಆಮ್ಲಜನಕ ಖಾಲಿಯಾಗುತ್ತದೆ, ಹಾಗೇ ಹೊಳೆಗೆ ಬಿಟ್ಟರೆ ಮೀನು ಸಾಯುತ್ತವೆ. ಆಮೇಲೆ ಹತ್ತಿ ನೂಲುವ ಯಂತ್ರದಲ್ಲಿ ಓಡಿಸಲು ಆ ಉದ್ದ ನಾರಿನ ಅಂಟು ತೆಗೆದು ತುಂಡು ಮಾಡಿ ಮೆತ್ತಗೆ ಮಾಡಬೇಕು. ಕಾಸ್ಟಿಕ್ ಸೋಡಾದಲ್ಲಿ ಬೇಯಿಸುವುದು ಒಂದು ದಾರಿ. ಎಂಜೈಮ್, ಹಬೆ ಬಳಸುವವರೂ ಇದ್ದಾರೆ. ಹೆಂಪ್ ವಿಸ್ಕೋಸ್ ಅಂತ ಬರೆದಿದ್ದರೆ ಗಿಡವನ್ನು ಪೂರ್ತಿ ಕರಗಿಸಿ ಮತ್ತೆ ಎಳೆ ಮಾಡಿದ್ದಾರೆ ಅಂತ ಅರ್ಥ, ಅದರಲ್ಲಿ ಬಳಸುವ ಕಾರ್ಬನ್ ಡೈಸಲ್ಫೈಡ್ ಕಾರ್ಖಾನೆಯಲ್ಲಿ ದುಡಿಯುವವರ ನರಗಳಿಗೆ ವಿಷ.

ಹಾಗಾಗಿ ಮೊದಲ ದಿನವೇ ಬೆಣ್ಣೆಯಂತೆ ಇರುವ ಹೆಂಪ್ ಬಟ್ಟೆ ಕಂಡರೆ ನಾನು ಖುಷಿಪಡುವುದಿಲ್ಲ, ಹೇಗೆ ಮೆತ್ತಗೆ ಮಾಡಿದಿರಿ ಅಂತ ಕೇಳುತ್ತೇನೆ. ಈ ಬ್ರ್ಯಾಂಡಿಗೂ ಬರೆದು ಕೇಳಿದೆ. "ನೈಸರ್ಗಿಕ ವಿಧಾನ" ಅಂತ ಎರಡೇ ಪದದ ಉತ್ತರ ಬಂತು. ನೀರಲ್ಲಿ ಕೊಳೆಸುವುದೂ ನೈಸರ್ಗಿಕವೇ, ಅಲ್ವಾ?

ಟ್ಯಾಗ್ ಮೇಲೆ ಇಂಗಾಲ ಹೀರುವ ಬೆಳೆ ಅಂತಲೂ ಇದೆ. ಹೀರುವುದು ನಿಜ. ಆದರೆ ಅಂಗಿ ಹರಿದು ಕಸಕ್ಕೆ ಹೋಗಿ ಕೊಳೆತರೆ, ಸುಟ್ಟರೆ, ಅಷ್ಟೂ ಗಾಳಿಗೆ ವಾಪಸ್. ದಂಟಿನ ಒಳಗಿನ ಕಟ್ಟಿಗೆಯಂಥ ಭಾಗವನ್ನು ಸುಣ್ಣಕ್ಕೆ ಬೆರೆಸಿ ಹೆಂಪ್‌ಕ್ರೀಟ್ ಗೋಡೆ ಕಟ್ಟುತ್ತಾರಲ್ಲ, ಅಲ್ಲಿ ಇಂಗಾಲ ದಶಕಗಟ್ಟಲೆ ಕೂತಿರುತ್ತದೆ (ಸುಣ್ಣ ಸುಡುವಾಗ ಬಿಟ್ಟ ಹೊಗೆಯನ್ನು ಕಳೆದು ಲೆಕ್ಕ ಹಾಕಬೇಕು). ಗೋಡೆಯ ಪುಣ್ಯವನ್ನು ತಂದು ಅಂಗಿಗೆ ಅಂಟಿಸಿದ್ದಾರೆ. ಮಣ್ಣಿನ ಕ್ಯಾಡ್ಮಿಯಂ, ಸೀಸ ಹೀರಿ ಶುದ್ಧ ಮಾಡುತ್ತದೆ ಅನ್ನುವುದೂ ಹಾಗೇ. ಅಣು ದುರಂತ ನಡೆದ ಚೆರ್ನೋಬಿಲ್ ಹತ್ತಿರದ ಮಣ್ಣಲ್ಲಿ ಇದನ್ನು ಬೆಳೆದು ನೋಡಿದ್ದಾರೆ. ಹೀರಿದ್ದು ಮಾಯವಾಗುವುದಿಲ್ಲ, ಗಿಡದಲ್ಲೇ ಇರುತ್ತದೆ. ಹೆಂಪ್ ಬೀಜ ತಿನ್ನುವವರು ಯಾವ ಮಣ್ಣಲ್ಲಿ ಬೆಳೆದದ್ದು ಅಂತ ವಿಚಾರಿಸಲೇಬೇಕು.

ಇಷ್ಟೆಲ್ಲ ಬೈದರೂ ಮುಂದಿನ ಅಂಗಿಯೂ ಹೆಂಪೇ. ಪೂರ್ತಿ ಹೆಂಪ್, ಒರಟಾಗಿದ್ದರೂ ಸರಿ. ಹತ್ತಿ ಬೆರೆಸಿದರೆ ಹತ್ತಿಯ ನೀರಿನ ಲೆಕ್ಕವೂ ಜೊತೆಗೆ ಬರುತ್ತದೆ, ಪಾಲಿಯೆಸ್ಟರ್ ಬೆರೆಸಿದ್ದಂತೂ ಮುಟ್ಟಬೇಡಿ, ಒಗೆದಾಗಲೆಲ್ಲ ಪ್ಲಾಸ್ಟಿಕ್ ಎಳೆ ಉದುರುತ್ತದೆ. ಕಪ್ಪು ಬಣ್ಣ ಬೇಡ, ನನ್ನ ಟವೆಲ್ ಕಪ್ಪಿನಿಂದ ಬೂದಿ ಬಣ್ಣಕ್ಕೆ ಬಂದಿದೆ. ಮೊದಲ ಒಗೆತಕ್ಕೆ ತೋಳು ಸ್ವಲ್ಪ ಗಿಡ್ಡ ಆಗುತ್ತದೆ, ಅಳತೆ ಸ್ವಲ್ಪ ದೊಡ್ಡದೇ ತಗೊಳ್ಳಿ.