ಗೇರ್‌ಬಾಕ್ಸ್ ಆಯಿಲ್ ಕೂಲರ್: ಕೊಳವೆಯದೋ, ತಟ್ಟೆಯದೋ?

ಟಾರ್ಕ್ ಕನ್ವರ್ಟರ್ (ಎಂಜಿನ್‌ನ ತಿರುಗುಬಲವನ್ನು ಆಯಿಲ್‌ನ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಹೆಚ್ಚಿನ ಶಾಖ ಹುಟ್ಟುವುದು ಆ ಕನ್ವರ್ಟರ್‌ನಲ್ಲಿಯೇ. ಟ್ರೇಲರ್ ಎಳೆಯುತ್ತ ಏರು ಹತ್ತುವಾಗ ರೇಡಿಯೇಟರ್‌ನೊಳಗಿನ ಕೂಲರ್ ಒಂದೇ ಸಾಲದೆ ಹೋಗಬಹುದು. ಹೊರಗೆ ಅಳವಡಿಸುವ ಕೂಲರ್‌ಗಳ ಪೈಕಿ ಕೊಳವೆಯ ಮಾದರಿಯಲ್ಲಿ ಆಯಿಲ್ ಒಂದೇ ಉದ್ದನೆಯ ಕೊಳವೆಯನ್ನು ಸುತ್ತಿ ಬರುವುದರಿಂದ ಅದು ಅಗ್ಗ, ತೊಳೆಯಲೂ ಸುಲಭ. ಅಷ್ಟೇ ಗಾತ್ರದ ತಟ್ಟೆಯ ಮಾದರಿಯಲ್ಲಾದರೋ ಆಯಿಲ್ ಹಲವು ತೆಳು ಹಾದಿಗಳಲ್ಲಿ ಕವಲೊಡೆದು, ಕಲಕುತ್ತ ಹರಿಯುವುದರಿಂದ ಹೆಚ್ಚು ಶಾಖವನ್ನು ಬಿಟ್ಟುಕೊಡುತ್ತದೆ, ಹರಿವಿಗೆ ಅಡ್ಡಿಯೂ ಸಾಮಾನ್ಯವಾಗಿ ಕಡಿಮೆ. ಭಾರ ಎಳೆಯುವವರಿಗೆ ನಾನು ಸೂಚಿಸುವುದು ಇದನ್ನೇ. ಆದರೆ ಗೇರ್‌ಬಾಕ್ಸ್ ಕೆಟ್ಟು ಲೋಹದ ಪುಡಿ ಇದರೊಳಗೆ ಸೇರಿದರೆ ತೊಳೆದು ತೆಗೆಯುವುದು ಕಷ್ಟ; ಕೂಲರನ್ನೇ ಬದಲಿಸಬೇಕಾದೀತು. ಚಳಿಯ ಪ್ರದೇಶದಲ್ಲಿ ಯಾವುದನ್ನೇ ಆಗಲಿ ರೇಡಿಯೇಟರ್ ಬಿಟ್ಟು ಒಂಟಿಯಾಗಿ ಜೋಡಿಸಿದರೆ ಆಯಿಲ್ ಬಿಸಿಯೇರಲು ತಡವಾಗುವುದರಿಂದ, ಆಯಿಲ್ ಬಿಸಿಯಾಗುವವರೆಗೆ ಅದನ್ನು ಕೂಲರ್‌ಗೆ ಹೆಚ್ಚು ಹೋಗಗೊಡದ ಥರ್ಮೋಸ್ಟಾಟ್ ಒಂದನ್ನು ನಡುವೆ ಹಾಕಿಸುವುದು ಒಳ್ಳೆಯದು.